ಹೆಸರು ದ್ರಾಕ್ಷಾರಸ, ಮನೆಗೆ ಬಂದದ್ದು ಮದ್ಯ

ಬೈಲಹೊಂಗಲದ ಒಂದು ಮನೆ. ಯಜಮಾನರು ಹತ್ತಿ ವ್ಯಾಪಾರದಲ್ಲಿ ಹೆಸರು ಮಾಡಿದವರು, ಹಜ್ಜ್ ನಿರ್ವಹಿಸಿ ಬಂದವರು. ಹುಬ್ಬಳ್ಳಿಯಲ್ಲಿ ಉದ್ಯೋಗದಲ್ಲಿರುವ ಹಿರಿಯ ಮಗ ಗೆಳೆಯರೊಂದಿಗೆ ಗೋವಾಕ್ಕೆ ಹೋಗಿದ್ದವನು ಊರಿಗೆ ಬರುವಾಗ ಗೋಡಂಬಿ ಪೊಟ್ಟಣಗಳ ಜೊತೆಗೆ ಒಂದು ಬಾಟಲಿಯನ್ನೂ ತಂದು ಫ್ರಿಜ್ಜಿನಲ್ಲಿಟ್ಟ. ಮರುದಿನ ಫಜ್ರ್ ನಮಾಝಿನ ಬಳಿಕ ಹಾಲಿನ ಪಾತ್ರೆ ತೆಗೆಯಲು ಹೋದ ತಾಯಿಯ ಕಣ್ಣಿಗೆ ಅದು ಬಿತ್ತು. ಕೇಳಿದರೆ ಮಗ ಬೆದರಲಿಲ್ಲ, ನಾಚಲೂ ಇಲ್ಲ. ಇದು ಶರಾಬು ಅಲ್ಲ ಅಮ್ಮೀ, ವೈನು. ದ್ರಾಕ್ಷಿಯ ರಸ. ಹೃದಯಕ್ಕೆ ಒಳ್ಳೆಯದೆಂದು ಡಾಕ್ಟರರೇ ಹೇಳುತ್ತಾರೆ. ಬೆಲೆಯೂ ಹೆಚ್ಚಲ್ಲ. ನಾನೇನು ಬಾರಿಗೆ ಹೋಗಿ ಬೀದಿಯಲ್ಲಿ ಬೀಳುತ್ತೇನೆಯೇ? ಮನೆಯಲ್ಲಿ, ಊಟದ ಜೊತೆ, ಒಂದೇ ಗ್ಲಾಸು ಎಂದು ನಗುತ್ತಲೇ ಉತ್ತರಿಸಿದ.

ಆ ತಾಯಿ ನಮ್ಮ ಓದುಗರು. ದೂರವಾಣಿಯಲ್ಲಿ ಇದನ್ನೆಲ್ಲ ಹೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ. ಹರಾಮ್ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ಆದರೆ ಅವನು ಹೇಳಿದ ಉಳಿದ ಮಾತುಗಳಿಗೆ ನನ್ನಲ್ಲಿ ಉತ್ತರವಿಲ್ಲ, ನಿಮ್ಮಲ್ಲಿ ಇದೆಯೇ?

ಈ ಪ್ರಶ್ನೆಯನ್ನು ಕೇವಲ ಒಂದು ಮನೆಯ ಸಮಸ್ಯೆಯೆಂದು ತಳ್ಳಿಹಾಕಲು ನಮ್ಮಿಂದಾಗಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂತಹ ಊರುಗಳಲ್ಲಿ ಮುಸ್ಲಿಮ್ ಸಮುದಾಯದ ಮನೆಗಳಿಗೆ ಮದ್ಯವು ಈಗ ಮುಂಬಾಗಿಲಿನಿಂದಲೇ ಪ್ರವೇಶಿಸುತ್ತಿದೆ. ಅದು ಕುಡುಕನ ವೇಷದಲ್ಲಿ ಬರುತ್ತಿಲ್ಲ. ಸಂಬಳ ತರುವ, ಇಂಗ್ಲಿಷ್ ಬಲ್ಲ, ತಾಯಿಯನ್ನು ಪ್ರೀತಿಸುವ ಮಗನ ಕೈಯಲ್ಲಿ ಬರುತ್ತಿದೆ.

ಮೊದಲು ಆ ಬಾಟಲಿಯಲ್ಲಿ ಏನಿದೆ ಎಂಬುದನ್ನೇ ನೋಡೋಣ. ಗೋವಾದಲ್ಲಿ ಅಗ್ಗಕ್ಕೆ ಸಿಗುವ, ಪೋರ್ಟ್ ಎಂದು ಹೆಸರಾದ ಸಿಹಿ ಕೆಂಪು ವೈನಿಗೆ ಬಳಸುವ ದ್ರಾಕ್ಷಿಗಳಲ್ಲಿ ನಮ್ಮ ರಾಜ್ಯದ್ದೇ ಆದ ಬೆಂಗಳೂರು ನೀಲಿ ತಳಿಯೂ ಒಂದು. ಸಿಹಿಯ ಕಾರಣದಿಂದಲೇ ಅದು ಹೊಸಬರಿಗೆ ಶರಬತ್ತಿನಂತೆ ಭಾಸವಾಗುತ್ತದೆ. ಗೋವಾದಲ್ಲಿ ಮದ್ಯದ ಮೇಲಿನ ತೆರಿಗೆ ಕಡಿಮೆ ಇರುವುದರಿಂದ ಬೆಲೆ ಕೆಲವೇ ನೂರು ರೂಪಾಯಿ. ಆದರೆ ನಾಲಿಗೆಗೆ ಸಿಹಿ, ಜೇಬಿಗೆ ಹಗುರ ಎಂಬ ಮಾತ್ರಕ್ಕೆ ಅಮಲು ಕಡಿಮೆಯಾಗುವುದಿಲ್ಲ. ಸಾಮಾನ್ಯ ವೈನಿನಲ್ಲಿ ಶೇ. 12ರಿಂದ 14ರಷ್ಟು ಆಲ್ಕೋಹಾಲ್ ಇರುತ್ತದೆ. ಶೇ. 13 ಎಂದಿಟ್ಟುಕೊಂಡರೆ 750 ಮಿ.ಲೀ. ಬಾಟಲಿಯಲ್ಲಿ 97.5 ಮಿ.ಲೀ. ಶುದ್ಧ ಆಲ್ಕೋಹಾಲ್ ಇದೆ.

ಈಗ ಇನ್ನೊಂದು ಲೆಕ್ಕ. ಗೌಂಡಿ ಕೆಲಸದವನೋ ಹಮಾಲನೋ ದಿನದ ಕೂಲಿ ಪಡೆದು ಮದ್ಯದಂಗಡಿಯ ಮಗ್ಗುಲಲ್ಲಿ ನಿಂತು ಕುಡಿಯುವ 90 ಮಿ.ಲೀ. ವಿಸ್ಕಿ ಪ್ಯಾಕೆಟ್ಟಿನಲ್ಲಿ ಶೇ. 42.8ರ ಪ್ರಮಾಣದಲ್ಲಿ ಸುಮಾರು 38.5 ಮಿ.ಲೀ. ಆಲ್ಕೋಹಾಲ್ ಇರುತ್ತದೆ. ಅಂದರೆ ಫ್ರಿಜ್ಜಿನಲ್ಲಿರುವ ಆ ಸಭ್ಯ ಬಾಟಲಿಯಲ್ಲಿ ಅಂತಹ ಎರಡೂವರೆ ಪ್ಯಾಕೆಟ್ಟುಗಳಿವೆ. ಒಂದು ಕ್ವಾರ್ಟರ್ ವಿಸ್ಕಿಗಿಂತ ಅದರಲ್ಲಿರುವ ಆಲ್ಕೋಹಾಲ್ ಹೆಚ್ಚು. ಊಟದ ಜೊತೆಗಿನ 150 ಮಿ.ಲೀ.ನ ಒಂದೇ ಗ್ಲಾಸು ಎಂದರೆ ಬಾರಿನ ಲೆಕ್ಕದಲ್ಲಿ ಒಂದೂವರೆ ಸಣ್ಣ ಪೆಗ್ಗು. ಪ್ಯಾಕೆಟ್ ಹರಿದು ಕುಡಿದವನನ್ನು ನಾವು ಶರಾಬಿ ಎಂದು ಕರೆಯುತ್ತೇವೆ, ಅವನ ಮನೆಗೆ ಹೆಣ್ಣು ಕೊಡಲು ಹಿಂಜರಿಯುತ್ತೇವೆ. ಗಾಜಿನ ಲೋಟದಲ್ಲಿ ಅದನ್ನೇ ಹೀರುವವನಿಗೆ ನಾವಿನ್ನೂ ಹೆಸರಿಟ್ಟಿಲ್ಲ.

ಹೆಸರಿನ ವಿಷಯ ಬಂದದ್ದರಿಂದ ಸರಕಾರದ ಜಾಣತನವನ್ನೂ ಪ್ರಸ್ತಾಪಿಸಬೇಕಾಗುತ್ತದೆ. 2007 ಕರ್ನಾಟಕದ ಮದ್ಯದ ಇತಿಹಾಸದಲ್ಲಿ ಮರೆಯಲಾಗದ ವರ್ಷ. ಆ ವರ್ಷದ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಬಡವರ ಮನೆಗಳನ್ನು ಉಳಿಸುವ ಹೆಜ್ಜೆಯೆಂದು ಎಲ್ಲರೂ ಸ್ವಾಗತಿಸಿದರು, ನಾವೂ ಸ್ವಾಗತಿಸಿದೆವು. ಅದೇ 2007ರಲ್ಲಿ ಅದೇ ರಾಜ್ಯ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು, ವೈನ್ ಮಂಡಳಿಯೂ ಅಸ್ತಿತ್ವಕ್ಕೆ ಬಂತು. ಒಂದು ಕೈಯಿಂದ ಬಡವನ ಮದ್ಯವನ್ನು ಮುಚ್ಚಿ, ಇನ್ನೊಂದು ಕೈಯಿಂದ ಮಧ್ಯಮ ವರ್ಗದ ಮದ್ಯಕ್ಕೆ ರಿಯಾಯಿತಿ ನೀಡಿದ ವಿಪರ್ಯಾಸವಿದು. ಅನಂತರ ಬೆಳಗಾವಿ ಸೇರಿದಂತೆ ರಾಜ್ಯದ ಹಲವು ನಗರಗಳಲ್ಲಿ ಉತ್ಸವಗಳು ನಡೆದವು. ಅವುಗಳಿಗೆ ಇಟ್ಟ ಹೆಸರು ದ್ರಾಕ್ಷಾರಸ ಉತ್ಸವ. ಮದ್ಯ ಮೇಳ ಎಂದಿದ್ದರೆ ಎಷ್ಟು ಕುಟುಂಬಗಳು ಮಕ್ಕಳ ಕೈಹಿಡಿದು ಹೋಗುತ್ತಿದ್ದವು?

ಪಕ್ಕದ ಮಹಾರಾಷ್ಟ್ರವಂತೂ ಇನ್ನೂ ಮುಂದೆ ಹೋಯಿತು. 2022ರ ಜನವರಿಯಲ್ಲಿ ಅಲ್ಲಿನ ಸಚಿವ ಸಂಪುಟವು ಸೂಪರ್ ಮಾರ್ಕೆಟ್ಟುಗಳಲ್ಲಿ, ಅಂದರೆ ಬೇಳೆ, ಬಿಸ್ಕಿಟ್ಟು, ಹಾಲಿನ ಪುಡಿ ಮಾರುವಲ್ಲಿಯೇ, ವೈನ್ ಮಾರಾಟಕ್ಕೆ ಒಪ್ಪಿಗೆ ನೀಡಿತು. ವೈನ್ ಮದ್ಯವೇ ಅಲ್ಲ, ರೈತರಿಗೆ ಇದರಿಂದ ಲಾಭ ಎಂದು ಆಗ ಶಿವಸೇನೆಯ ಸಂಜಯ್ ರಾವುತ್ ವಾದಿಸಿದರು. ಅಣ್ಣಾ ಹಜಾರೆಯವರು ಉಪವಾಸದ ಎಚ್ಚರಿಕೆ ಕೊಟ್ಟ ಬಳಿಕ ಸರಕಾರವು ಜನರ ಅಭಿಪ್ರಾಯ ಕೇಳುವುದಾಗಿ ಹೇಳಿ ಮೆತ್ತಗಾಯಿತು. ಜನರು ಮದ್ಯವನ್ನು ಬೇರೆ ಹೆಸರಿನಿಂದ ಕರೆದು ಕುಡಿಯುವ ಕಾಲ ಬರುತ್ತದೆಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದರು. ಆ ಎಚ್ಚರಿಕೆಯ ಅರ್ಥ ತಿಳಿಯಲು ಈಗ ದೊಡ್ಡ ವ್ಯಾಖ್ಯಾನ ಗ್ರಂಥಗಳೇನೂ ಬೇಕಾಗಿಲ್ಲ, ಅಂಗಡಿಯ ಫಲಕ ಓದಿದರೆ ಸಾಕು.

ರೈತರ ಲಾಭದ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ವಿಜಯಪುರ, ಬಾಗಲಕೋಟೆ, ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರ ಸಂಕಟ ನಿಜವಾದದ್ದು. ಅಕಾಲಿಕ ಮಳೆಗೆ ಹಣ್ಣು ಒಡೆದು ಹೋದಾಗ, ದರ ಕುಸಿದಾಗ ಅವರು ಪಡುವ ಪಾಡು ನಮ್ಮ ಊರುಗಳ ಬಾಗವಾನ್ ವ್ಯಾಪಾರಿಗಳಿಗೂ ಚೆನ್ನಾಗಿ ಗೊತ್ತು. ಆದರೆ ಅಲ್ಲಿ ಬೆಳೆಯುವ ದ್ರಾಕ್ಷಿಯ ಬಹುಪಾಲು ತಿನ್ನುವ ಹಣ್ಣಾಗಿ, ಇಲ್ಲವೇ ಒಣದ್ರಾಕ್ಷಿಯಾಗಿ ಮಾರುಕಟ್ಟೆಗೆ ಬರುತ್ತದೆ. ವೈನಿಗೆ ಹೋಗುವುದು ಸಣ್ಣ ಪಾಲು. ಬೆಳೆಗಾರರು ಬೇಡುತ್ತಿರುವುದು ಶೀತಲಗೃಹ, ಒಣದ್ರಾಕ್ಷಿಗೆ ನ್ಯಾಯವಾದ ಬೆಲೆ, ಶಾಲಾ ಮಕ್ಕಳ ಊಟದಲ್ಲಿ ಒಣದ್ರಾಕ್ಷಿಗೆ ಒಂದು ಜಾಗ. ಅವುಗಳ ಬಗ್ಗೆ ಮೇಳ, ಉತ್ಸವಗಳ ಉತ್ಸಾಹ ಯಾಕೆ ಕಾಣುವುದಿಲ್ಲ?

ಆರ್ಥಿಕ ನಷ್ಟದ ಪ್ರಶ್ನೆ ಪ್ರವಾದಿಯವರ(ಸ) ಕಾಲದಲ್ಲಿಯೂ ಎದ್ದಿತ್ತು. ಮದ್ಯ ನಿಷಿದ್ಧವಾದಾಗ ಹ. ಅಬೂತಲ್ಹಾ(ರ) ಅವರ ಪಾಲನೆಯಲ್ಲಿದ್ದ ಅನಾಥ ಮಕ್ಕಳಿಗೆ ಪಿತ್ರಾರ್ಜಿತವಾಗಿ ಬಂದದ್ದೇ ಮದ್ಯ. ಏನು ಮಾಡಲಿ ಎಂದು ಅವರು ಕೇಳಿದರು. ಚೆಲ್ಲಿಬಿಡಬೇಕೆಂದು ಉತ್ತರ ಬಂತು. ಸಿರ್ಕಾ ಮಾಡಬಹುದೇ ಎಂದು ಕೇಳಿದಾಗಲೂ ಇಲ್ಲವೆಂಬುದೇ ಉತ್ತರ. ಅನಾಥರ ಸೊತ್ತಿನ ಒಂದು ದಿರ್ಹಮನ್ನೂ ಮುಟ್ಟಬಾರದೆಂದು ಕಲಿಸಿದ ಧರ್ಮ ಹೇಳಿದ ಮಾತಿದು ಎಂಬುದನ್ನು ಗಮನಿಸಬೇಕು.

ಇನ್ನು ಹೃದಯದ ಮಾತು. ಮಗನ ವಾದಗಳಲ್ಲಿ ತಾಯಿಯನ್ನು ಹೆಚ್ಚು ಕಟ್ಟಿಹಾಕಿದ್ದು ಇದುವೇ. ಈ ನಂಬಿಕೆಗೊಂದು ಹುಟ್ಟಿದ ದಿನಾಂಕವಿದೆ. 1991ರಲ್ಲಿ ಅಮೆರಿಕದ ಟಿ.ವಿ. ಕಾರ್ಯಕ್ರಮವೊಂದು, ಫ್ರೆಂಚರು ಬೆಣ್ಣೆ, ಮಾಂಸ ಧಾರಾಳವಾಗಿ ತಿಂದರೂ ಅವರಲ್ಲಿ ಹೃದಯಾಘಾತ ಕಡಿಮೆ, ಅದಕ್ಕೆ ಕೆಂಪು ವೈನ್ ಕಾರಣವಿರಬಹುದು ಎಂಬ ಮಾತನ್ನು ಮನೆಮನೆಗೆ ತಲುಪಿಸಿತು. ಅಲ್ಲಿ ಕೆಂಪು ವೈನಿನ ಮಾರಾಟ ಏರಿತು. ಆಮೇಲಿನ ಸಂಶೋಧಕರು ಇಂತಹ ಲೆಕ್ಕಗಳಲ್ಲಿದ್ದ ಒಂದು ದೊಡ್ಡ ದೋಷವನ್ನು ತೋರಿಸಿಕೊಟ್ಟರು. ಕುಡಿಯದವರು ಎಂಬ ಪಟ್ಟಿಯಲ್ಲಿ, ಕುಡಿದು ಕುಡಿದು ರೋಗಿಗಳಾಗಿ ಬಿಟ್ಟವರನ್ನೂ ಸೇರಿಸಲಾಗಿತ್ತು! ರೋಗಿಗಳ ಪಕ್ಕದಲ್ಲಿ ನಿಲ್ಲಿಸಿದರೆ ಮಿತವಾಗಿ ಕುಡಿಯುವವನು ಆರೋಗ್ಯವಂತನಾಗಿ ಕಾಣದೆ ಇನ್ನೇನು? 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ, 195 ದೇಶಗಳನ್ನು ಒಳಗೊಂಡ ಅಧ್ಯಯನವು ಆರೋಗ್ಯಕ್ಕೆ ಅತ್ಯಂತ ಕಡಿಮೆ ಹಾನಿಯ ಪ್ರಮಾಣ ಶೂನ್ಯ ಎಂಬ ನಿರ್ಣಯಕ್ಕೆ ಬಂತು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗವು ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ಸಾರಿತು. ಆಲ್ಕೋಹಾಲನ್ನು ಕ್ಯಾನ್ಸರ್ ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದಂತೂ 1988ರಷ್ಟು ಹಿಂದೆ. 2025ರ ಜನವರಿಯಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿಯವರು, ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದವರು, ಬಾಟಲಿಗಳ ಮೇಲೆ ಕ್ಯಾನ್ಸರಿನ ಎಚ್ಚರಿಕೆ ಮುದ್ರಿಸಬೇಕೆಂದು ಸಲಹೆ ನೀಡಿದರು. ಸ್ತನ ಕ್ಯಾನ್ಸರ್, ಅನ್ನನಾಳ, ಯಕೃತ್ತು, ಕರುಳಿನ ಕ್ಯಾನ್ಸರುಗಳಿಗೆ ಅದರ ನಂಟು ಸ್ಥಾಪಿತವಾಗಿದೆ. ವೈನು, ಬಿಯರು, ವಿಸ್ಕಿ ಎಂಬ ಭೇದವನ್ನು ಈ ರೋಗ ಮಾಡುವುದಿಲ್ಲ.

ಕೆಂಪು ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ಅಂಶದ ಬಗ್ಗೆಯೂ ಬಹಳ ಹೇಳಲಾಗುತ್ತದೆ. ಒಂದು ಲೀಟರ್ ವೈನಿನಲ್ಲಿ ಅದು ಇರುವುದು ಕೆಲವೇ ಮಿಲಿಗ್ರಾಂ. ಹಣ್ಣನ್ನು ಹಾಗೆಯೇ ತಿಂದರೂ ಅದು ಸಿಗುತ್ತದೆ. ಶೇಂಗಾದಲ್ಲಿಯೂ ಅಲ್ಪ ಪ್ರಮಾಣದಲ್ಲಿದೆ. ರಾಮದುರ್ಗದ ಮನೆಗಳಲ್ಲಿ ರೊಟ್ಟಿಯ ಜೊತೆ ಶೇಂಗಾ ಹಿಂಡಿ ತಿನ್ನುವವರು ಇಷ್ಟರ ಮಟ್ಟಿಗೆ ಫ್ರೆಂಚರಿಗೇನೂ ಕಡಿಮೆಯಿಲ್ಲ ಎಂದು ನಾವು ತಮಾಷೆಗೆ ಹೇಳಬಹುದು.

ಮದ್ಯದಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆ ಎಂಬುದನ್ನು ಪವಿತ್ರ ಕುರ್‌ಆನ್ ಅಲ್ಲಗಳೆಯಲಿಲ್ಲ. ಅದರ ಕೆಡುಕು ಪ್ರಯೋಜನಕ್ಕಿಂತ ದೊಡ್ಡದು ಎಂದು ತೂಗಿ ತೋರಿಸಿತು. ಅನಂತರ ಅಮಲಿನಲ್ಲಿ ನಮಾಝಿನ ಹತ್ತಿರ ಸುಳಿಯಬಾರದೆಂದಿತು. ಕೊನೆಗೆ ಪೂರ್ಣವಾಗಿ ತಡೆಯಿತು. ಕುಡಿತದಲ್ಲಿಯೇ ಬೆಳೆದ ಒಂದು ಸಮಾಜವನ್ನು ಹಂತ ಹಂತವಾಗಿ ಹೊರತಂದ ಕ್ರಮವಿದು. ನಮ್ಮ ಮನೆಗಳಲ್ಲಿ ಈಗ ಅದೇ ಏಣಿಯನ್ನು ತಲೆಕೆಳಗಾಗಿ ಇಳಿಯಲಾಗುತ್ತಿದೆ. ಮೊದಲು ಗೋವಾದಲ್ಲಿ, ಆಮೇಲೆ ಗೆಳೆಯನ ಕೋಣೆಯಲ್ಲಿ, ಈಗ ತಾಯಿಯ ಫ್ರಿಜ್ಜಿನಲ್ಲಿ.

ಮನೆಯಲ್ಲಿ ಕುಡಿದರೆ ಯಾರಿಗೂ ತೊಂದರೆಯಿಲ್ಲ ಎಂಬ ವಾದವೇ ನಮಗೆ ಎಲ್ಲಕ್ಕಿಂತ ಅಪಾಯಕಾರಿಯಾಗಿ ಕಾಣುತ್ತದೆ. ರಸ್ತೆಯಲ್ಲಿ ಕುಡಿಯುವವನನ್ನು ನೋಡಲು ಪೊಲೀಸರಿದ್ದಾರೆ, ನ್ಯಾಯಾಲಯವಿದೆ. ಹೆದ್ದಾರಿಗಳ ಬದಿಯ ಮದ್ಯದಂಗಡಿಗಳನ್ನು ದೂರ ಸರಿಸಬೇಕೆಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದಾಗ ಕಿತ್ತೂರಿನಂತಹ ಹೆದ್ದಾರಿಯ ಊರುಗಳಲ್ಲಿಯೂ ಅದರ ಚರ್ಚೆ ನಡೆಯಿತು. 2017ರಲ್ಲಿ ಪುರಸಭೆಗಳ ವ್ಯಾಪ್ತಿಗೆ ವಿನಾಯಿತಿ ಸಿಕ್ಕಿತು ಎಂಬುದು ಬೇರೆ ಮಾತು. ಆದರೆ ಮನೆಯೊಳಗಿನ ಕುಡಿತಕ್ಕೆ ಸಾಕ್ಷಿ ಯಾರು? ಹೆಂಡತಿ ಮತ್ತು ಮಕ್ಕಳು. ಅವರು ದೂರು ಕೊಡುವುದಿಲ್ಲ. ಸವದತ್ತಿಯ ಕಡೆಯ ಸೋದರಿಯೊಬ್ಬರು ಹಿಂದೊಮ್ಮೆ ನಮ್ಮೊಡನೆ ಹೇಳಿದ್ದುಂಟು. ಗಂಡ ಹೊಡೆಯುವುದಿಲ್ಲ, ಬಯ್ಯುವುದೂ ಇಲ್ಲ, ಇಶಾದ ಹೊತ್ತಿಗೆ ಬಾಗಿಲು ಹಾಕಿಕೊಂಡು ಕುಡಿದು ಮಲಗುತ್ತಾರೆ. ಮಕ್ಕಳು ಅಬ್ಬಾ ಯಾಕೆ ಮಸೀದಿಗೆ ಹೋಗುವುದಿಲ್ಲ ಎಂದು ಕೇಳಿದರೆ ತಲೆನೋವು ಎಂದು ಸುಳ್ಳು ಹೇಳುತ್ತೇನೆ. ಆರು ವರ್ಷಗಳಿಂದ ಹೇಳುತ್ತಿದ್ದೇನೆ ಎಂದರು. ಯಾರಿಗೂ ತೊಂದರೆಯಾಗದ ಕುಡಿತವೆಂದರೆ ಇದುವೇ.

ಹ. ಅನಸ್(ರ) ಅವರು ವಿವರಿಸಿದ ಒಂದು ಘಟನೆ ಹದೀಸ್ ಗ್ರಂಥಗಳಲ್ಲಿದೆ. ನಿಷೇಧದ ಘೋಷಣೆಯಾದಾಗ ಅವರಿದ್ದದ್ದು ಬೀದಿಯಲ್ಲಲ್ಲ, ಅದೇ ಅಬೂತಲ್ಹಾ(ರ) ಅವರ ಮನೆಯಲ್ಲಿ. ಗಣ್ಯರು ಸೇರಿದ್ದರು, ಅನಸ್(ರ) ಖರ್ಜೂರದ ಮದ್ಯ ಬಡಿಸುತ್ತಿದ್ದರು. ಹೊರಗೆ ಸಾರುವವನ ಧ್ವನಿ ಕೇಳಿಸಿತು. ಎದ್ದು ಅದನ್ನು ಚೆಲ್ಲಿಬಿಡು ಎಂದರು ಅಬೂತಲ್ಹಾ(ರ). ಇದು ದ್ರಾಕ್ಷಿಯದ್ದಲ್ಲ, ಖರ್ಜೂರದ್ದು ಎಂದು ಯಾರೂ ವಾದಿಸಲಿಲ್ಲ. ನಾವು ಮನೆಯಲ್ಲಿದ್ದೇವೆ ಎಂದೂ ಹೇಳಲಿಲ್ಲ.

ನಮ್ಮ ಈ ನಾಲ್ಕು ಊರುಗಳಿಗೆ ಪಾನನಿಷೇಧವೇನೂ ಹೊಸತಲ್ಲ. ಇವು ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ 1949ರ ಮುಂಬಯಿ ಪಾನನಿಷೇಧ ಕಾಯ್ದೆ ಇಲ್ಲಿ ಜಾರಿಯಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1960ರ ದಶಕದ ಉತ್ತರಾರ್ಧದಲ್ಲಿ ನಿಷೇಧ ತೆರವಾಯಿತು. ಆ ಕಾಯ್ದೆಯಲ್ಲಿಯೂ ಆರೋಗ್ಯದ ಕಾರಣ ಹೇಳಿ ಕುಡಿಯಲು ಪರವಾನಗಿ ಪಡೆಯುವ ಅವಕಾಶವಿತ್ತು ಎಂಬುದು ಕುತೂಹಲಕರ. ಹೃದಯದ ನೆಪ ಹಳೆಯದು. ನಿಷೇಧದ ಜೊತೆಗೆ ಕಳ್ಳಭಟ್ಟಿಯೂ ಇತ್ತು ಎಂಬುದನ್ನು ನಾವು ಮರೆಮಾಚುವುದಿಲ್ಲ. ಇಂದಿನ ಸರಕಾರಗಳಿಂದ ಅಂತಹ ಕಾನೂನನ್ನು ನಿರೀಕ್ಷಿಸುವುದಂತೂ ವ್ಯರ್ಥ. 2025-26ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಅಬಕಾರಿ ಇಲಾಖೆಗೆ ನಿಗದಿಪಡಿಸಿದ ಗುರಿ 40,000 ಕೋಟಿ ರೂಪಾಯಿ. ಗುರಿ ಇಟ್ಟುಕೊಂಡು ಕುಡಿಸುವ ಸರಕಾರ ಬಿಡಿಸುವುದುಂಟೇ? 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ದಾರಿಯಲ್ಲಿ ರಾಯಚೂರು ಜಿಲ್ಲೆಯ ಒಬ್ಬ ತಾಯಿ ಅಪಘಾತದಲ್ಲಿ ಪ್ರಾಣ ಬಿಟ್ಟರು. ವಿಧಾನಸೌಧ ಅವರಿಗೆ ಏನು ಕೊಟ್ಟಿತು?

ಆದ್ದರಿಂದ ಸಮುದಾಯವು ಮೊದಲು ತನ್ನನ್ನೇ ಕೇಳಿಕೊಳ್ಳಬೇಕಾಗಿದೆ. ನಮ್ಮಲ್ಲಿ ಕುಡಿಯುವವರಿಲ್ಲ ಎಂಬ ಹುಸಿ ಹೆಮ್ಮೆ ನಮ್ಮ ಜಮಾಅತುಗಳನ್ನು ಕುರುಡಾಗಿಸಿದೆ. ಕುಡಿತ ಹರಾಮ್ ಎಂದು ಜುಮಾದ ಪ್ರವಚನದಲ್ಲಿ ಹೇಳಿದರೆ ಕೆಲಸ ಮುಗಿಯಿತೇ? ಚಟಕ್ಕೆ ಬಿದ್ದವನ ಹೆಂಡತಿ ಯಾರ ಬಳಿ ಹೋಗಿ ಬಾಯಿ ಬಿಡಬೇಕು? ಜಮಾಅತಿನ ಕಚೇರಿಗೆ ಹೋದರೆ ತಲಾಕಿನ ಮಾತೇ ಮೊದಲು ಬರುತ್ತದೆ, ಚಿಕಿತ್ಸೆಯ ಮಾತು ಬರುವುದಿಲ್ಲ. ಬಹಿಷ್ಕಾರದ ಬೆದರಿಕೆ ಹಾಕಿದರೆ ಕುಡಿತ ನಿಲ್ಲುವುದಿಲ್ಲ, ಬಾಗಿಲು ಇನ್ನಷ್ಟು ಭದ್ರವಾಗಿ ಮುಚ್ಚಿಕೊಳ್ಳುತ್ತದೆ.

ರಾಮದುರ್ಗದಾಚೆಗಿನ ಬಾಗಲಕೋಟೆ ಜಿಲ್ಲೆಯಿಂದ ನಾವು ಕಲಿಯಬೇಕಾದದ್ದಿದೆ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು 1975ರಿಂದ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಅವರು ಬೇಡಿದ್ದು ಅಕ್ಕಿಯನ್ನಲ್ಲ, ಹಣವನ್ನಲ್ಲ, ಜನರ ದುಶ್ಚಟಗಳನ್ನು. 2018ರಲ್ಲಿ ಅವರು ತೀರಿಕೊಂಡರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಕುಡುಕನ ಮನೆಯ ಬಾಗಿಲಿಗೆ ತಾವೇ ಹೋದರು ಎಂಬುದು ಅವರ ದೊಡ್ಡತನ. ನಮ್ಮ ಉಲಮಾಗಳಲ್ಲಿ, ಜಮಾಅತಿನ ಪದಾಧಿಕಾರಿಗಳಲ್ಲಿ ಎಷ್ಟು ಮಂದಿ ಹಾಗೆ ಹೋಗಿದ್ದಾರೆ?

ಚಿಕಿತ್ಸೆಯೂ ದೂರವಿಲ್ಲ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಕಿತ್ತೂರಿನಿಂದ ಒಂದು ಗಂಟೆಯೊಳಗಿನ ದಾರಿ. ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ರಮಝಾನ್ ಬಂತೆಂದು ಯಾರನ್ನಾದರೂ ಹಠಾತ್ತನೆ ಬಿಡಿಸಲು ಹೊರಡುವ ಮನೆಯವರು ಮೊದಲು ವೈದ್ಯರನ್ನು ಕಾಣಬೇಕು.

ಬೇರೆಯವರ ಊಟದ ಮೇಜಿನ ಬಗ್ಗೆ ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಕ್ರೈಸ್ತ ಬಂಧುಗಳ ಆರಾಧನೆಯಲ್ಲಿ ದ್ರಾಕ್ಷಾರಸಕ್ಕಿರುವ ಸ್ಥಾನವನ್ನು ನಾವು ಗೌರವಿಸುತ್ತೇವೆ. ನಾವು ಬರೆದದ್ದು ಬೈಲಹೊಂಗಲದ ಆ ತಾಯಿಗಾಗಿ.

ಇಷ್ಟನ್ನೂ ಅವರಿಗೆ ದೂರವಾಣಿಯಲ್ಲಿ ವಿವರಿಸಿದೆವು. ಎರಡೂವರೆ ಪ್ಯಾಕೆಟ್ಟಿನ ಲೆಕ್ಕವನ್ನು ಅವರು ಎರಡು ಸಲ ಹೇಳಿಸಿಕೊಂಡು ಬರೆದುಕೊಂಡರು. ಬಾಟಲಿಯನ್ನು ಏನು ಮಾಡಿದಿರಿ ಎಂದು ಕೇಳಿದೆವು. ಹಾಲಿನ ಪಾತ್ರೆಯನ್ನು ಅಲ್ಲಿಂದ ತೆಗೆದಿದ್ದೇನೆ, ಬಾಟಲಿ ಅಲ್ಲಿಯೇ ಇದೆ ಎಂದರು. ನಾನು ಚೆಲ್ಲಿದರೆ ಅವನು ಇನ್ನೊಂದು ತಂದು ಬೇರೆ ಕಡೆ ಇಡುತ್ತಾನೆ. ಶುಕ್ರವಾರ ಬರುತ್ತಾನೆ, ಲೆಕ್ಕ ಹೇಳಿ ಅವನ ಕೈಯಿಂದಲೇ ಚೆಲ್ಲಿಸಬೇಕು.